ಹೇಗೂ ಬಂದಿದ್ದೀವಲ್ಲ

ನಮ್ಮಪ್ಪ ಒಂದೂರಿಗೆ ಅಂತ ಹೊರಟು ಒಂದೇ ಊರು ನೋಡಿಕೊಂಡು ಬಂದದ್ದು ನನಗೆ ನೆನಪಿಲ್ಲ. ಧರ್ಮಸ್ಥಳಕ್ಕೆ ಹೊರಟರೆ ಸುಬ್ರಹ್ಮಣ್ಯ ಸೇರಿಕೊಳ್ಳುತ್ತಿತ್ತು. ಹೊರನಾಡಿಗೆ ಹೊರಟರೆ ಶೃಂಗೇರಿ. ಶೃಂಗೇರಿ ಮುಗಿಯಿತು ಅನ್ನುವಾಗ ಕಿಗ್ಗ. ಯಾಕ್ರೀ ಅಂತ ಅಮ್ಮ ಕೇಳಿದರೆ ಉತ್ತರ ಒಂದೇ. "ಹೇಗೂ ಬಂದಿದ್ದೀವಲ್ಲ."

ನಾನು ಆರನೇ ಕ್ಲಾಸಿನಲ್ಲಿದ್ದಾಗ ಸಕಲೇಶಪುರದಿಂದ ಮುಳ್ಳಯ್ಯನಗಿರಿಗೆ ಜೀಪಿನಲ್ಲಿ ಹೋಗಿದ್ದೆವು. ಮೆಟ್ಟಿಲು ಹತ್ತಿ, ಮುಳ್ಳಯ್ಯನಿಗೆ ಕೈ ಮುಗಿದು, ಇಳಿದು ಬಂದು ಪುಳಿಯೋಗರೆ ತಿಂದೆವು. ಅಲ್ಲಿಗೆ ಮುಗಿಯಬೇಕಿತ್ತು. ಆಮೇಲೆ ಸೀತಾಳಯ್ಯನಗಿರಿ ಆಯಿತು. ಅಲ್ಲಿಂದ ಬಾಬಾ ಬುಡನ್‌ಗಿರಿ, ಅದರಾಚೆ ಮಾಣಿಕ್ಯಧಾರಾ. ತಿರುವಿನಲ್ಲಿ ತಂಗಿ ಜೀಪಿನೊಳಗೇ ವಾಂತಿ ಮಾಡಿಕೊಂಡಳು. ಅಪ್ಪ ಜೀಪು ನಿಲ್ಲಿಸಿದರು, ಕೊಡದಲ್ಲಿದ್ದ ನೀರು ಹಾಕಿ ತೊಳೆದರು, ಅವಳ ಕೈಗೆ ಒಂದು ನಿಂಬೆಹಣ್ಣು ಕೊಟ್ಟರು, ಮತ್ತೆ ಮುಂದಕ್ಕೇ ಹೊರಟರು. ಅಮ್ಮ ವಾಪಸ್ ಬರುವವರೆಗೆ ಮಾತಾಡಲಿಲ್ಲ.

ಅಪ್ಪನ ಈ ಗುಣ ನನಗೆ ಬಂದಿಲ್ಲ ಅಂತಲೇ ತಿಳಿದುಕೊಂಡಿದ್ದೆ. ಹೋದ ವರ್ಷ ಜುಲೈ ಕೊನೆಯ ಶನಿವಾರದವರೆಗೆ.

ನಾವಿರುವುದು ಅಮೆರಿಕದ ಕೊಲರಾಡೋದಲ್ಲಿ, ಡೆನ್ವರ್ ಪಕ್ಕ. ಇಲ್ಲಿ ಜನರಿಗೆ ಒಂದು ಲೆಕ್ಕದ ಹುಚ್ಚು ಇದೆ. 14,000 ಅಡಿ ದಾಟಿದ ಬೆಟ್ಟಗಳನ್ನು ಫೋರ್ಟೀನರ್ ಅನ್ನುತ್ತಾರೆ. ರಾಜ್ಯದಲ್ಲಿ ಇಂಥವು 58 ಇವೆ ಅಂತ ಸಾಮಾನ್ಯ ಲೆಕ್ಕ. ಪಕ್ಕಪಕ್ಕದ ಎರಡು ತುದಿಗಳ ನಡುವಿನ ತಗ್ಗು 300 ಅಡಿಯಾದರೂ ಇರಬೇಕು, ಇಲ್ಲದಿದ್ದರೆ ಅದು ಬೇರೆ ಬೆಟ್ಟವೇ ಅಲ್ಲ ಅಂತ ಪಟ್ಟು ಹಿಡಿದರೆ 53. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ "ಎಷ್ಟಾಯ್ತು ನಿಂದು?" ಅಂತ ಕೇಳಿದರೆ ಅದು ಈ ಲೆಕ್ಕವೇ. ನನ್ನದು ಆಗ ಮೂರು. ನಾಲ್ಕು ವರ್ಷದಿಂದ ಮೂರೇ.

ಒಂದೇ ದಿನಕ್ಕೆ ಎರಡು ಸಿಗುವ ಜೋಡಿ ಅಂದರೆ ಗ್ರೇಸ್ ಮತ್ತು ಟಾರಿಸ್. ಡೆನ್ವರಿನಿಂದ ಒಂದು ಗಂಟೆಯ ದಾರಿ. ಗ್ರೇಸ್ 14,270 ಅಡಿ, ಟಾರಿಸ್ 14,267 ಅಡಿ ಅಂತ ನಾನು ಓದಿದ್ದು. ಹೊಸ ಅಳತೆಯಲ್ಲಿ ಎರಡೂ ನಾಲ್ಕಾರು ಅಡಿ ಆಚೀಚೆ ಆಗಿವೆ. ಅಷ್ಟು ಎತ್ತರದಲ್ಲಿ ಆ ನಾಲ್ಕಡಿಗೆ ಯಾರೂ ಜಗಳ ಆಡುವುದಿಲ್ಲ. ಎರಡೂ ಹತ್ತಿ ಇಳಿದರೆ ಒಟ್ಟು ಎಂಟೂಕಾಲು ಮೈಲಿ, ಅಂದರೆ 13 ಕಿಲೋಮೀಟರು ಚಿಲ್ಲರೆ. ಏರು ಸುಮಾರು 3,600 ಅಡಿ. ಸೀರೆ ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ ಒಂದು ಕೊಂಡರೆ ಒಂದು ಉಚಿತ.

ಜೊತೆಗಾರ ನನ್ನ ಭಾಮೈದ. ಡಲ್ಲಾಸಿನಲ್ಲಿ ಕೆಲಸ. 26 ವರ್ಷ, ವಾರಕ್ಕೆ ಐದು ದಿನ ಜಿಮ್ಮು. ನನಗೆ 44, ಎಡ ಮಂಡಿ ಮೆಟ್ಟಿಲು ಇಳಿಯುವಾಗ ಲಟಕ್ ಅನ್ನುತ್ತದೆ. ಆದ್ದರಿಂದ ಹೆಂಡತಿ ಹಿಂದಿನ ರಾತ್ರಿ ಚಪಾತಿ ಸುತ್ತುತ್ತಾ "ಅವನನ್ನ ಸ್ವಲ್ಪ ನೋಡ್ಕೊಳ್ಳಿ ರೀ, ಅಮ್ಮನಿಗೆ ಉತ್ತರ ಹೇಳೋಳು ನಾನು" ಅಂದಾಗ ನನಗೆ ನಗು ಬಂತು. ಯಾರು ಯಾರನ್ನು ನೋಡಿಕೊಳ್ಳಬೇಕು ಅಂತ.

ನಾನು ಲೆಕ್ಕ ಹಾಕದೇ ಬಿಟ್ಟದ್ದು ಡಲ್ಲಾಸನ್ನು. ಆ ಊರು ಸಮುದ್ರ ಮಟ್ಟದಿಂದ ನಾನೂರು ಚಿಲ್ಲರೆ ಅಡಿ ಎತ್ತರದಲ್ಲಿದೆ. ಡೆನ್ವರ್ 5,280. ನಾನು ಹನ್ನೊಂದು ವರ್ಷದಿಂದ ಈ ಗಾಳಿಯಲ್ಲೇ ಉಸಿರಾಡುತ್ತಿದ್ದೇನೆ. ಅವನು ಗುರುವಾರ ರಾತ್ರಿ ವಿಮಾನ ಇಳಿದವನು. ಬೆಟ್ಟ ಹತ್ತಲು ಕಾಲು ಬೇಕು, ನಿಜ. ಆದರೆ ಈ ಎತ್ತರದಲ್ಲಿ ಕಾಲಿಗಿಂತ ಮೊದಲು ರಕ್ತ ಹೊಂದಿಕೊಳ್ಳಬೇಕು. ಅದಕ್ಕೆ ದಿನಗಳು ಬೇಕು, ಜಿಮ್ಮಿನಲ್ಲಿ ಅದನ್ನು ಮಾಡಿಸಲು ಬರುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ.

ಬೆಳಗಿನ ಜಾವ ಮೂರೂಕಾಲಿಗೆ ಹೊರಟೆವು. ಅಷ್ಟು ಬೇಗ ಹೊರಡಲು ಕಾರಣ ಮಧ್ಯಾಹ್ನದ ಸಿಡಿಲು. ಇಲ್ಲೂ ಜುಲೈ ಆಗಸ್ಟಿನಲ್ಲಿ ಒಂದು ಮಾನ್ಸೂನ್ ಇದೆ. ಹೆಸರೂ ಅದೇ. ದಕ್ಷಿಣದಿಂದ ತೇವದ ಗಾಳಿ ಬರುತ್ತದೆ. ಬೆಳಗಿನ ಬಿಸಿಲಿಗೆ ಬೆಟ್ಟದ ಮೈ ಕಾಯುತ್ತದೆ, ಗಾಳಿ ಮೇಲೇಳುತ್ತದೆ, ಹತ್ತು ಗಂಟೆಗೆ ಹತ್ತಿಯಂಥ ಮೋಡ, ಹನ್ನೆರಡಕ್ಕೆ ಅದೇ ಮೋಡ ಕಪ್ಪು. ಮರವೇ ಇಲ್ಲದ ಬೋಳು ತುದಿಯಲ್ಲಿ ಆಗ ಎತ್ತರವಾಗಿ ನಿಂತಿರುವುದು ನೀವೊಬ್ಬರೇ. ಹಾಗಾಗಿ ಹನ್ನೆರಡರೊಳಗೆ ತುದಿ ಬಿಟ್ಟು ಕೆಳಗಿರಬೇಕು ಅನ್ನುವುದು ಇಲ್ಲಿ ಎಲ್ಲರೂ ಹೇಳುವ ಮಾತು. ಅದೇ ವಾರ ಊರಿಂದ ತಂಗಿ ವಿಡಿಯೋ ಕಳಿಸಿದ್ದಳು. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ನಮ್ಮಲ್ಲಿ ಮಳೆ ವಾರಗಟ್ಟಲೆ ಕೂತು ಬಿಡುತ್ತದೆ. ಇಲ್ಲಿನದು ಮಧ್ಯಾಹ್ನದ ಹೊತ್ತಿಗೆ ಬಂದು, ಗದರಿಸಿ, ಸಂಜೆಗೆ ಹೋಗಿಬಿಡುತ್ತದೆ.

ಹೆದ್ದಾರಿಯಿಂದ ಬೇಕರ್‌ವಿಲ್ ಅನ್ನುವಲ್ಲಿ ಹೊರಳಿದರೆ ಮೂರು ಮೈಲಿ ಮಣ್ಣು ರಸ್ತೆ. ಗುಂಡಿ, ಬಂಡೆ, ಅಡ್ಡ ಹರಿಯುವ ನೀರು. ಕಾಫಿ ತೋಟದ ಲೈನ್ ಮನೆಗಳಿಗೆ ಹೋಗುವ ದಾರಿ ನೋಡಿದವರಿಗೆ ವಿವರಿಸಬೇಕಾಗಿಲ್ಲ. ತಗ್ಗು ಕಾರಿನವರು ಕೆಳಗೇ ನಿಲ್ಲಿಸಿ ಆ ಮೂರು ಮೈಲಿಯನ್ನೂ ನಡೆಯುತ್ತಾರೆ. ನಾನು ಗೆಳೆಯನ ಎತ್ತರದ ಗಾಡಿ ಇಸಕೊಂಡಿದ್ದೆ. ಮೇಲಿನ ಪಾರ್ಕಿಂಗ್ ಮುಟ್ಟಿದಾಗ ನಾಲ್ಕೂ ನಲವತ್ತು. ಆಗಲೇ ಮುಕ್ಕಾಲು ತುಂಬಿತ್ತು.

ಆ ಪಾರ್ಕಿಂಗ್ ಜಾಗವೇ 11,280 ಅಡಿ ಎತ್ತರದಲ್ಲಿದೆ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 6,330 ಅಡಿ. ದಕ್ಷಿಣ ಭಾರತಕ್ಕೇ ಎತ್ತರದ ಆನೈಮುಡಿ 8,842. ಅಂದರೆ ಬೂಟಿನ ಲೇಸು ಕಟ್ಟುವ ಮೊದಲೇ ನಾವು ನಮ್ಮ ಕಡೆಯ ಬೆಟ್ಟಗಳನ್ನೆಲ್ಲ ಹತ್ತಿ ಮುಗಿಸಿದ್ದೆವು. ಇದನ್ನು ಹೇಳಿದಾಗ ಭಾಮೈದ "ಹಾಗಾದ್ರೆ ವಾಪಸ್ ಹೋಗೋಣ ಭಾವ, ಸಾಕು" ಅಂದ. ತಮಾಷೆಗೆ.

ಹೊಳೆಗೆ ಹಾಕಿದ ಕಾಲುಸೇತುವೆ ದಾಟಿದರೆ ದಾರಿ ಶುರು. ತಲೆಗೆ ಕಟ್ಟಿದ ಟಾರ್ಚು. ಮುಂದೆಯೂ ಹಿಂದೆಯೂ ಅಂಥದೇ ದೀಪಗಳ ಸಾಲು. ದೀಪಾವಳಿ ಅನ್ನೋಣ ಅಂದರೆ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರದೂ ಉಸಿರಿನ ಸದ್ದು, ಕೋಲಿನ ಟಕ್ ಟಕ್. ಮರಗಳು ಬಹಳ ಬೇಗ ಮುಗಿದವು. ಆಮೇಲೆ ಸೊಂಟದೆತ್ತರದ ಪೊದೆ, ಆಮೇಲೆ ಹುಲ್ಲು, ಆಮೇಲೆ ಬರೀ ಕಲ್ಲು.

ಆರು ಗಂಟೆ ಸುಮಾರಿಗೆ ಬೆಳಕು ಬಂತು. ಒಂದು ತಿರುವು ದಾಟಿದ್ದೇ ಎರಡೂ ಒಟ್ಟಿಗೆ ಎದುರಿಗೆ ನಿಂತವು. ಎಡಕ್ಕೆ ಗ್ರೇಸ್, ಹೆಗಲು ಅಗಲ, ಅನ್ನದ ರಾಶಿಯ ಹಾಗೆ. ಬಲಕ್ಕೆ ಟಾರಿಸ್, ಮೊನಚು, ಸಿಟ್ಟಿನ ಮುಖ. ಕೆಳಗಿನಿಂದ ನೋಡಿದರೆ ಟಾರಿಸೇ ಎತ್ತರ ಅಂತ ಬಾಜಿ ಕಟ್ಟಬಹುದು. ಮೂರಡಿಯಿಂದ ಸೋಲುತ್ತೀರಿ.

ಹೆಸರಿನ ಕತೆ ನನಗೆ ಇಷ್ಟ. 1861ರಲ್ಲಿ ಚಾರ್ಲ್ಸ್ ಪ್ಯಾರಿ ಅನ್ನುವ ಸಸ್ಯಶಾಸ್ತ್ರಜ್ಞ ಇಲ್ಲಿ ಗಿಡ ಹುಡುಕುತ್ತಾ ಬಂದ. ಈ ಎರಡು ಬೆಟ್ಟಗಳಿಗೆ ತನ್ನ ಕ್ಷೇತ್ರದ ಇಬ್ಬರು ದೊಡ್ಡವರ ಹೆಸರಿಟ್ಟ. ಒಬ್ಬರು ಜಾನ್ ಟಾರಿ, ಇನ್ನೊಬ್ಬರು ಏಸಾ ಗ್ರೇ. ಟಾರಿ ಗುರು, ಗ್ರೇ ಶಿಷ್ಯ. ಇಬ್ಬರೂ ಸೇರಿ ಉತ್ತರ ಅಮೆರಿಕದ ಗಿಡಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆಯಲು ಹೊರಟವರು. ಡಾರ್ವಿನ್ ತನ್ನ ವಿಕಾಸವಾದವನ್ನು ಪುಸ್ತಕ ಮಾಡುವುದಕ್ಕೆ ಎರಡು ವರ್ಷ ಮೊದಲು, 1857ರಲ್ಲಿ, ಅದರ ಸಾರವನ್ನು ಕಾಗದ ಬರೆದು ತಿಳಿಸಿದ್ದು ಇದೇ ಗ್ರೇಗೆ. 1872ರಲ್ಲಿ, 61ನೇ ವಯಸ್ಸಿನಲ್ಲಿ, ಗ್ರೇ ತನ್ನ ಹೆಸರಿನ ಬೆಟ್ಟವನ್ನು ತಾನೇ ಹತ್ತಿದರು. ಶಿಷ್ಯ ಗುರುವಿಗಿಂತ ಮೂರಡಿ ಎತ್ತರ ಅನ್ನುವುದನ್ನು ಪ್ಯಾರಿ ಬೇಕೆಂದೇ ಮಾಡಿದನೋ ಏನೋ. ಗುರುವಿಗೆ ಅದಕ್ಕಿಂತ ಸಂತೋಷ ಇನ್ನೇನಿದೆ ಅಂತ ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದರು. ಎಲ್ಲ ಮೇಷ್ಟ್ರೂ ಅಲ್ಲ.

ಇವರೆಲ್ಲ ಬರುವ ಮೊದಲು ಇಲ್ಲಿನ ಮೂಲನಿವಾಸಿಗಳಾದ ಅರಾಪಹೋ ಜನ ಈ ಜೋಡಿಗೆ ಇಟ್ಟಿದ್ದ ಹೆಸರಿನ ಅರ್ಥ ಇರುವೆ ಹುತ್ತಗಳು ಅಂತ. ಅದನ್ನು ಭಾಮೈದನಿಗೆ ಹೇಳಿ ಮೇಲೆ ನೋಡಿದೆ. ಗ್ರೇಸ್ ಮೈಮೇಲೆ ಸುತ್ತಿ ಸುತ್ತಿ ಹೋದ ದಾರಿಯ ಉದ್ದಕ್ಕೂ ಸಣ್ಣ ಸಣ್ಣ ಚುಕ್ಕೆಗಳು ಸಾಲುಗಟ್ಟಿ ಹತ್ತುತ್ತಿದ್ದವು. ಶನಿವಾರ ಬೇರೆ. ಅರಾಪಹೋಗಳು ಮುಂದಾಗುವುದನ್ನು ನೋಡಿಯೇ ಹೆಸರಿಟ್ಟಿದ್ದರು ಅನ್ನಿಸಿತು.

ಎಡಗಡೆಯ ಮೆಕ್ಲೆಲನ್ ಬೆಟ್ಟದ ಮೈಯಲ್ಲಿ ಹಳೆಯ ಬೆಳ್ಳಿ ಗಣಿಗಳ ಬಾಯಿ, ತುಕ್ಕು ಹಿಡಿದ ಕಬ್ಬಿಣ ಕಾಣುತ್ತದೆ. ಅದರ ಆಚೆ ಮಗ್ಗುಲಿನಿಂದ ನೆತ್ತಿಯ ತನಕ 1906ರಿಂದ ಕೆಲ ವರ್ಷ ಉಗಿಬಂಡಿಯೇ ಓಡುತ್ತಿತ್ತು. ಕಟ್ಟಿಸಿದವನು ಮೊದಲು ಪಾದ್ರಿಯಾಗಿದ್ದು ಆಮೇಲೆ ಗಣಿಗೆ ಇಳಿದವನು. ಭಾನುವಾರ ದೇವರ ದಿನ ಅಂತ ಅವತ್ತು ರೈಲು ಬಿಡುತ್ತಿರಲಿಲ್ಲ. ಪ್ರವಾಸಿಗರು ಬರುವುದೇ ಭಾನುವಾರ. ವ್ಯಾಪಾರ ಏನಾಗಿರಬಹುದು ನೀವೇ ಊಹಿಸಿ.

12,500 ಅಡಿ ದಾಟಿದ ಮೇಲೆ ನನ್ನ ನಡಿಗೆ ಎಣಿಕೆಗೆ ಇಳಿಯಿತು. ಮೊದಲು ಐವತ್ತು ಹೆಜ್ಜೆ, ನಿಲ್ಲು. ಆಮೇಲೆ ಮೂವತ್ತು, ನಿಲ್ಲು. ಆಮೇಲೆ ಇಪ್ಪತ್ತು. 14,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರವತ್ತು ಪರ್ಸೆಂಟಿನಷ್ಟು. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಪೂರ್ತಿ ಕಾಸು ಕೊಟ್ಟು ಅರ್ಧ ಲೋಟ ಕಾಫಿ ಕುಡಿದ ಹಾಗೆ. ಒಂದು ಬಂಡೆಯ ಪಕ್ಕ ಕೂತು ಚೀಲ ಬಿಚ್ಚಿದೆ. ಬೆಂಗಳೂರಿನಿಂದ ಬಂದಿದ್ದ ಕಾಂಗ್ರೆಸ್ ಕಡಲೆಬೀಜದ ಪ್ಯಾಕೆಟ್ಟು ಬಲೂನಿನ ಹಾಗೆ ಊದಿಕೊಂಡಿತ್ತು. ಒಳಗಿನ ಗಾಳಿ ಬೆಂಗಳೂರಿನದು, ಹೊರಗಿನದು ಇಲ್ಲಿಯದು. ಬೆರಳಲ್ಲಿ ತಟ್ಟಿದರೆ ಡೊಳ್ಳಿನ ಸದ್ದು. ಹಲ್ಲಿನಲ್ಲಿ ಕಚ್ಚಿದ್ದೇ ಪಟ್ ಅಂತ ಒಡೆದು ಅರ್ಧ ಕಡಲೆಬೀಜ, ಕರಿಬೇವು ಸಮೇತ, ಕಲ್ಲುಗಳ ಸಂದಿಗೆ ಹೋಯಿತು.

ಅಲ್ಲೇ ಪೀಕಾ ಕಂಡದ್ದು. ನೋಡಲು ದಪ್ಪ ಇಲಿ, ಆದರೆ ಮೊಲದ ನೆಂಟ. ಗುಂಡನೆ ಕಿವಿ, ಬಾಲವೇ ಇಲ್ಲ. ಬಾಯಿತುಂಬ ಹುಲ್ಲು ಅಡ್ಡಡ್ಡ ಕಚ್ಚಿಕೊಂಡು ಓಡುತ್ತಿತ್ತು. ಬೇಸಿಗೆಯೆಲ್ಲ ಹುಲ್ಲು ಕೊಯ್ದು, ಕಲ್ಲಿನಡಿ ಒಟ್ಟಿ, ಒಣಗಿಸಿಟ್ಟುಕೊಂಡು ಚಳಿಗಾಲ ಕಳೆಯುವ ಪ್ರಾಣಿ ಇದು. ಮಳೆಗಾಲಕ್ಕೆ ಮುಂಚೆ ನಮ್ಮಜ್ಜಿಯೂ ಹೀಗೇ ಓಡಾಡುತ್ತಿದ್ದರು. ಸೌದೆ ಒಟ್ಟಬೇಕು, ಹಪ್ಪಳ ಒಣಗಿಸಬೇಕು, ಹುಣಸೆಹಣ್ಣು ಬೀಜ ತೆಗೆದು ಮಡಕೆಗೆ ತುಂಬಬೇಕು. ಪೀಕಾ ಒಂದು ಕ್ಷಣ ನಿಂತು ನಮ್ಮನ್ನು ನೋಡಿತು. "ನಿಮಗೆ ಬೇರೆ ಕೆಲಸ ಇಲ್ವಾ" ಅನ್ನುವ ನೋಟ.

ಗ್ರೇಸ್ ತುದಿ ಮುಟ್ಟಿದಾಗ ಎಂಟೂ ಐವತ್ತು. ಮೇಲೆ ಕಲ್ಲು ಪೇರಿಸಿ ಮಾಡಿದ ಮೊಣಕಾಲೆತ್ತರದ ಗೋಡೆ. ಅದರ ಮರೆಯಲ್ಲಿ ಕೂತರೆ ಗಾಳಿ ಕಮ್ಮಿ. ಭಾಮೈದ ನನಗಿಂತ ಹತ್ತು ನಿಮಿಷ ಮೊದಲೇ ಬಂದು ಕೂತಿದ್ದ. ಕಿತ್ತಳೆ ಬಣ್ಣದ ಜಾಕೆಟ್ಟಿನ ಟೋಪಿ ಎಳೆದುಕೊಂಡು ಸುಮ್ಮನಿದ್ದ. ಅವನು ಸುಮ್ಮನಿರುವ ಜಾತಿಯಲ್ಲ. ಅದನ್ನು ಆಗಲೇ ಗಮನಿಸಬೇಕಿತ್ತು. ನಾನು ಫೋಟೋದ ಗಡಿಬಿಡಿಯಲ್ಲಿದ್ದೆ. ಇಬ್ಬರೂ ನಿಂತು, ಹಲ್ಲು ಬಿಟ್ಟು, ಒಂದು ತೆಗೆಸಿಕೊಂಡೆವು.

ಆ ತುದಿ ಬರೀ ತುದಿಯಲ್ಲ. ಉತ್ತರ ಅಮೆರಿಕದ ನೀರನ್ನು ಎರಡು ಪಾಲು ಮಾಡುವ ಬೆನ್ನುಮೂಳೆಯ ಮೇಲಿನ ಅತಿ ಎತ್ತರದ ಜಾಗ ಅದು. ಪೂರ್ವಕ್ಕೆ ಬಿದ್ದ ಹನಿ ಕ್ಲಿಯರ್ ಕ್ರೀಕ್ ಹೊಳೆ ಸೇರಿ, ಪ್ಲ್ಯಾಟ್, ಮಿಸ್ಸೌರಿ, ಮಿಸ್ಸಿಸಿಪ್ಪಿ ಅಂತ ಹೋಗಿ ಮೆಕ್ಸಿಕೋ ಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದದ್ದು ಕೊಲರಾಡೋ ನದಿಯ ಪಾಲು, ಪೆಸಿಫಿಕ್ ಕಡೆಗೆ. ನನಗೆ ಬಿಸ್ಲೆ ಹತ್ತಿರದ ಮಂಕನಹಳ್ಳಿ ನೆನಪಾಯಿತು. ಅಲ್ಲಿ ರಸ್ತೆ ಪಕ್ಕದ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಅಂತ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆ, ನೇತ್ರಾವತಿ ಅಂತ ಅರಬ್ಬೀ ಸಮುದ್ರಕ್ಕೆ. ಅಪ್ಪ ಅಲ್ಲಿ ಜೀಪು ನಿಲ್ಲಿಸಿ ನಮ್ಮನ್ನು ಕಾಲು ಅಗಲಿಸಿ ನಿಲ್ಲಿಸಿದ್ದರು. "ಒಂದು ಕಾಲು ಮಂಗಳೂರಲ್ಲಿ, ಒಂದು ಕಾಲು ತಂಜಾವೂರಲ್ಲಿ" ಅಂದಿದ್ದರು.

ಮನುಷ್ಯ ಈ ಪಾಲನ್ನು ಎಲ್ಲಿ ಒಪ್ಪುತ್ತಾನೆ ಹೇಳಿ. ಪಶ್ಚಿಮಕ್ಕೆ ಇಳಿದ ನೀರು ಡಿಲನ್ ಅನ್ನುವ ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿಂದ ಬೆಟ್ಟದ ಅಡಿಯಲ್ಲೇ 23 ಮೈಲಿ ಸುರಂಗ ಕೊರೆದು, 1960ರ ದಶಕದಿಂದ ಅದನ್ನು ಮತ್ತೆ ಪೂರ್ವಕ್ಕೆ, ಡೆನ್ವರಿಗೆ ತರುತ್ತಿದ್ದಾರೆ. ಪೆಸಿಫಿಕ್‌ಗೆ ಹೋಗಬೇಕಾದದ್ದು ನನ್ನ ಅಡುಗೆಮನೆ ನಲ್ಲಿಯಲ್ಲಿ ಬರುತ್ತದೆ. ಊರಿನಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಎತ್ತಿನಹೊಳೆ ಕೆಲಸ. ಪಶ್ಚಿಮಕ್ಕೆ ಹೋಗುವ ನೀರನ್ನು ಮೇಲಕ್ಕೆತ್ತಿ ಪೂರ್ವದ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಕೊಡುವ ಯೋಜನೆ. ಅದಕ್ಕಾಗಿ ಗುಡ್ಡ ಅಗೆದದ್ದನ್ನು ನೋಡಿ ಬೈದವನು ನಾನು. ಬೈದು, ಡೆನ್ವರಿಗೆ ಬಂದು, ನಲ್ಲಿ ತಿರುಗಿಸಿ ನೀರು ಕುಡಿದೆ.

ಒಂಬತ್ತೂಕಾಲಿಗೆ ಟಾರಿಸ್ ಕಡೆ ಇಳಿಯಲು ಶುರು ಮಾಡಿದೆವು.

ಎರಡನೇ ಬೆಟ್ಟದ ವಿಚಿತ್ರ ಇದು. ಹತ್ತಬೇಕಾದರೆ ಮೊದಲು ಇಳಿಯಬೇಕು. ಎರಡರ ನಡುವೆ ಕುದುರೆಯ ಜೀನಿನಂಥ ತಗ್ಗು. ಐನೂರೈವತ್ತು ಅಡಿ ಇಳಿತ, ಆಮೇಲೆ ಅಷ್ಟೇ ಏರು. ಕಷ್ಟಪಟ್ಟು ಸಂಪಾದಿಸಿದ ಎತ್ತರವನ್ನು ಹೆಜ್ಜೆ ಹೆಜ್ಜೆಗೂ ವಾಪಸ್ ಕೊಡುತ್ತಾ ಹೋಗುವುದು. ಸಾಲ ತೀರಿಸಿದ ದಿನವೇ ಮತ್ತೆ ಸಾಲಕ್ಕೆ ಸಹಿ ಹಾಕಿದ ಹಾಗೆ. ಕಾಲಡಿ ಜಲ್ಲಿಯಂಥ ಸಡಿಲ ಕಲ್ಲು ಜಾರುತ್ತದೆ. ನನ್ನ ಎಡ ಮಂಡಿ ಲಟಕ್ ಲಟಕ್ ಅಂತ ಲೆಕ್ಕ ಇಟ್ಟುಕೊಂಡು ಬಂತು.

ಜೀನಿನ ಮಧ್ಯದಲ್ಲಿ ದಾರಿ ಕವಲಾಗುತ್ತದೆ. ಎದುರಿಗೆ ಟಾರಿಸ್ ಏರು. ಬಲಕ್ಕೆ ಕೆಳಗೆ ಹೋಗುವ ದಾರಿ. ಅದು ಮತ್ತೆ ಗ್ರೇಸ್ ಹತ್ತಿಸದೆ ನೇರ ಹಳೆಯ ದಾರಿಗೆ ಸೇರಿಸುತ್ತದೆ. ಅಲ್ಲಿ ಭಾಮೈದ ಕೂತುಬಿಟ್ಟ.

"ತಲೆ ಸಿಡೀತಿದೆ ಭಾವ."

"ಯಾವಾಗಿಂದ?"

"ಗ್ರೇಸ್ ಮೇಲಿಂದ್ಲೇ. ಹೇಳಿದ್ರೆ ನೀವು ವಾಪಸ್ ಅಂತೀರ ಅಂತ..."

ಮುಖ ಬೂದಿ ಬಣ್ಣ. ಹೊಟ್ಟೆ ತೊಳಸುತ್ತಿದೆ ಅಂದ. ನೀರು ಕುಡಿಸಿದೆ. ಓಆರ್‌ಎಸ್ ಕಲಸಿ ಕೊಟ್ಟೆ. ಹೆಸರು, ಊರು, ಇವತ್ತಿನ ವಾರ ಕೇಳಿದೆ, ಸರಿಯಾಗಿ ಹೇಳಿದ. ನಾಲ್ಕು ಹೆಜ್ಜೆ ನಡೆಸಿದೆ, ತೂರಾಡಲಿಲ್ಲ. ಎತ್ತರದ ಗಾಳಿಗೆ ಬರುವ ತಲೆನೋವು ಇದು. ಔಷಧಿ ಒಂದೇ, ಕೆಳಗೆ ಇಳಿಯುವುದು. ಮೇಲಕ್ಕೆ ಹೋಗಬಾರದು, ಕೂತು ಕಾಯಲೂಬಾರದು. ಇದನ್ನು ನಾನು ಆಫೀಸಿನ ಹೊಸಬರಿಗೆ ಬೋರ್ಡಿನ ಮೇಲೆ ಬರೆದು ವಿವರಿಸಿದ್ದೇನೆ.

ಟಾರಿಸ್ ಅಲ್ಲೇ ಇತ್ತು. ಅಷ್ಟು ಹತ್ತಿರ. ತುದಿಯಲ್ಲಿ ನಿಂತವರ ಟೋಪಿ ಬಣ್ಣ ಕಾಣುವಷ್ಟು. ಗಂಟೆ ಒಂಬತ್ತೂ ನಲವತ್ತು. ಆಕಾಶ ಇನ್ನೂ ನೀಲಿ.

"ನೀವು ಹೋಗ್ಬನ್ನಿ ಭಾವ. ನಾನು ಇಲ್ಲೇ ಕೂತಿರ್ತೀನಿ. ಅರ್ಧ ಗಂಟೆ ಅಲ್ವಾ?"

"ಬೇಡ್ವೋ, ಇಳಿಯೋಣ ನಡಿ."

"ಹೇಗೂ ಬಂದಿದ್ದೀವಲ್ಲ ಭಾವ."

ಈ ಮಾತು ಅವನ ಬಾಯಲ್ಲಿ ಬಂತು. ನಮ್ಮಪ್ಪನನ್ನು ಅವನು ಕಂಡದ್ದು ಮದುವೆಯಲ್ಲಿ, ಆಮೇಲೆ ಒಂದೆರಡು ಹಬ್ಬದಲ್ಲಿ. ಅವರಿಂದ ಕಲಿತದ್ದಂತೂ ಅಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಮಾತು. ಆದರೆ ಅವನು ಒಂದು ಸಲ ಹೇಳಲಿ ಅಂತ ನಾನು ಕಾಯುತ್ತಿದ್ದೆ ಅನ್ನುವುದೂ ನಿಜ. ಪಕ್ಕದ ಬಂಡೆಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಕಂದು ನಾಯಿಯ ಜೊತೆ ಕೂತಿದ್ದರು. ಗಂಡ ಟಾರಿಸ್ ಹತ್ತಲು ಹೋಗಿದ್ದರಂತೆ, ತಾನು ಅವರು ಬರುವ ತನಕ ಇರುತ್ತೇನೆ, ಹುಡುಗನನ್ನು ನೋಡಿಕೊಳ್ಳುತ್ತೇನೆ ಅಂದರು. ನನಗೆ ಅಷ್ಟೇ ಸಾಕಾಯಿತು. ಹೊರಟೆ.

ಹತ್ತಿದ್ದು ನೆನಪಿಲ್ಲ ಅಂದರೆ ಸುಳ್ಳಲ್ಲ. ಕಡಿದಾದ ಏರು, ಸಡಿಲ ಕಲ್ಲು, ಹದಿನೈದು ಹೆಜ್ಜೆಗೊಮ್ಮೆ ನಿಲ್ಲುವುದು. ಪ್ರತಿ ಸಲ ನಿಂತಾಗಲೂ ಹಿಂದಕ್ಕೆ ತಿರುಗುವುದು. ಕಿತ್ತಳೆ ಬಣ್ಣ ಕೂತಿದೆ. ಮತ್ತೆ ಹದಿನೈದು ಹೆಜ್ಜೆ. ಕಿತ್ತಳೆ ಬಣ್ಣ ಕೂತಿದೆ. ಮತ್ತೊಮ್ಮೆ ನೋಡಿದಾಗ ಮಲಗಿದ ಹಾಗೆ ಕಂಡಿತು. ನಿಂತೆ. ಇಳಿಯಬೇಕಿತ್ತು. ತುದಿಗೆ ಇನ್ನು ನೂರಡಿ ಇದ್ದಿರಬೇಕು. ಏರಿದೆ.

ಟಾರಿಸ್ ತುದಿ ಗ್ರೇಸಿನದಕ್ಕಿಂತ ಕಿರಿದು. ಹತ್ತೂ ಇಪ್ಪತ್ತು. ಅಲ್ಲಿಂದ ಲಾಂಗ್ಸ್ ಪೀಕ್ ಕಾಣುತ್ತದೆ, ದಕ್ಷಿಣಕ್ಕೆ ಪೈಕ್ಸ್ ಪೀಕ್ ಕಾಣುತ್ತದೆ ಅಂತ ಓದಿದ್ದೆ. ಕಂಡಿರಬೇಕು. ನಾನು ನೋಡಿದ್ದು ಕೆಳಗೆ, ಜೀನಿನ ಮೇಲೆ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಿತ್ತಳೆ ಚುಕ್ಕೆಯನ್ನು. ಅದರ ಪಕ್ಕ ಒಂದು ಕಂದು ಚುಕ್ಕೆ. ಎರಡೂ ಅಲ್ಲಾಡುತ್ತಿರಲಿಲ್ಲ. ಅವನ ಮದುವೆಗೆ ಅತ್ತೆ ಹುಡುಗಿ ನೋಡುತ್ತಿದ್ದಾರೆ, ಅದು ನೆನಪಾಯಿತು. ಯಾಕೆ ಅದೇ ನೆನಪಾಗಬೇಕು ಗೊತ್ತಿಲ್ಲ. ಪಶ್ಚಿಮದಲ್ಲಿ ಮೊದಲ ಹತ್ತಿ ಉಂಡೆಗಳು ಎದ್ದಿದ್ದವು. ಎದೆಯ ತನಕ ಗಡ್ಡ ಬಿಟ್ಟ ಒಬ್ಬ, "ಫೋಟೋ ತೆಗೆಯಲೇ?" ಅಂದ. ಫೋನು ಕೊಟ್ಟೆ. ಕೂಲಿಂಗ್ ಗ್ಲಾಸು ಹಾಕಿದ್ದೆ, ಆದ್ದರಿಂದ ಫೋಟೋದಲ್ಲಿ ನನ್ನ ಕಣ್ಣು ಎತ್ತ ನೋಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಮೂರು ನಿಮಿಷ ಇದ್ದೆನೇನೋ. ಅಷ್ಟೇ ನನ್ನ ಐದನೇ ಫೋರ್ಟೀನರ್.

ಇಳಿದು ಬಂದಾಗ ಅವನು ಕಣ್ಣು ಮುಚ್ಚಿ ಅಂಗಾತ ಮಲಗಿದ್ದ. ನಾಯಿ ಅವನ ಹೊಟ್ಟೆಯ ಮೇಲೆ ತಲೆ ಇಟ್ಟು ಮಲಗಿತ್ತು. ಹೆಂಗಸು ತನ್ನ ಉಣ್ಣೆ ಟೋಪಿಯನ್ನು ಅವನ ತಲೆಗೆ ಹಾಕಿದ್ದರು. ಅವರ ಗಂಡ ಬಂದು ಆಗಲೇ ಕಾಲು ಗಂಟೆಯಾಗಿತ್ತು. ಇಬ್ಬರೂ ನನಗೋಸ್ಕರ ಕಾಯುತ್ತಿದ್ದರು. ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ಒಂದ್ಸಲ ವಾಂತಿ ಆಯ್ತು ಭಾವ. ಈಗ ಪರ್ವಾಗಿಲ್ಲ."

ನನ್ನ ಹತ್ತಿರ ನಿಂಬೆಹಣ್ಣೂ ಇರಲಿಲ್ಲ.

ಅವನ ಚೀಲವನ್ನು ನನ್ನ ಎದೆಗೆ ಹಾಕಿಕೊಂಡು ಇಳಿದೆವು. ಮೊದಲ ಅರ್ಧ ಗಂಟೆ ಅವನ ಕೈ ನನ್ನ ಹೆಗಲ ಮೇಲೆ. ಸಾವಿರ ಅಡಿ ಇಳಿಯುವಷ್ಟರಲ್ಲಿ ಮುಖಕ್ಕೆ ಬಣ್ಣ ಬಂತು. ಪೊದೆಗಳ ಹತ್ತಿರ ಬಂದಾಗ "ಚಪಾತಿ ಇದೆಯಾ ಭಾವ?" ಅಂದ. ಇದ್ದ ನಾಲ್ಕನ್ನೂ ತಿಂದ. ಇದು ಈ ಕಾಯಿಲೆಯ ವಿಚಿತ್ರ. ಮೇಲೆ ಪ್ರಾಣ ಹೋಯಿತು ಅನ್ನಿಸುತ್ತದೆ, ಇಳಿದರೆ ಏನೂ ಆಗಿಯೇ ಇರಲಿಲ್ಲ ಅನ್ನುವ ಹಾಗೆ ಇರುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ. ಮಿದುಳು, ಶ್ವಾಸಕೋಶಕ್ಕೆ ನೀರು ಇಳಿದು ಸತ್ತವರೂ ಇದ್ದಾರೆ. ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸುತ್ತಿದ್ದೆ, ಅವನು ಚಟ್ನಿಪುಡಿ ಚೆನ್ನಾಗಿದೆ ಅನ್ನುತ್ತಿದ್ದ.

ಹನ್ನೆರಡೂ ಇಪ್ಪತ್ತಕ್ಕೆ ಮೊದಲ ಗುಡುಗು. ತಿರುಗಿ ನೋಡಿದರೆ ಟಾರಿಸ್ ತುದಿ ಕಾಣುತ್ತಿರಲಿಲ್ಲ. ಆ ಹೊತ್ತಿನಲ್ಲೂ ಮೇಲಕ್ಕೆ ಹೋಗುತ್ತಿದ್ದವರಿದ್ದರು. ಒಬ್ಬ ಹುಡುಗ, ಕೈಯಲ್ಲಿ ಅರ್ಧ ಬಾಟಲಿ ನೀರು, ಕಾಲಲ್ಲಿ ಓಡುವ ಬೂಟು, "ಇನ್ನೆಷ್ಟು ದೂರ?" ಅಂತ ಕೇಳಿದ. ವಾಪಸ್ ಹೋಗಪ್ಪ ಅಂದೆ. ನಕ್ಕು ಮುಂದೆ ಹೋದ. ಅವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಾದರೂ ಏನಿತ್ತು. ಗಾಡಿ ಬಾಗಿಲು ಹಾಕಿದ್ದೇ ಆಲಿಕಲ್ಲು ಶುರುವಾಯಿತು, ಕಡಲೆಬೀಜದ ಗಾತ್ರದ್ದು.

ಬೇಕರ್‌ವಿಲ್ ದಾಟಿದ ಮೇಲೆ ಭಾಮೈದನೇ ಮಾತು ತೆಗೆದ. "ಅಕ್ಕನಿಗೆ ಹೇಳೋದ್ ಬೇಡ ಭಾವ. ಸುಮ್ನೆ ಅಮ್ಮನ ತನಕ ಹೋಗತ್ತೆ." ನಾನು ಹ್ಞೂಂ ಅಂದೆ.

ಸಂಜೆ ಅಪ್ಪನ ಫೋನು. ಅಲ್ಲಿ ಭಾನುವಾರ ಬೆಳಗಿನ ಕಾಫಿ ಹೊತ್ತು. "ಎರಡೂ ಹತ್ತಿದ್ಯಾ?" ಅಂದರು. ಹತ್ತಿದೆ ಅಂದೆ. "ಹ್ಞಾ, ಮತ್ತೆ! ಅಷ್ಟು ದೂರ ಹೋಗಿ ಒಂದು ಬಿಟ್ಟು ಬರಕ್ಕಾಗತ್ತಾ" ಅಂದರು. ತಂಗಿಯ ವಾಂತಿ ನೆನಪಿದೆಯಾ ಅಪ್ಪ ಅಂತ ಕೇಳಬೇಕು ಅನ್ನಿಸಿತು. ಮಳೆ ಹೇಗಿದೆ ಅಂತ ಕೇಳಿದೆ.

ಊಟ ಆದ ಮೇಲೆ ಹೆಂಡತಿ ನನ್ನ ಫೋನು ತೆಗೆದುಕೊಂಡು ಸೋಫಾದಲ್ಲಿ ಕೂತು ಫೋಟೋ ತಳ್ಳತೊಡಗಿದಳು. ಪೀಕಾ. ಹೂವು. ಗ್ರೇಸ್ ಮೇಲೆ ನಾವಿಬ್ಬರು. ಮುಂದಿನದು ಟಾರಿಸ್, ನಾನೊಬ್ಬನೇ. ಅವಳ ಬೆರಳು ನಿಂತಿತು.

"ಇದರಲ್ಲಿ ಅವನೆಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಭಾಮೈದ ಕೂಗಿದ. "ಅದನ್ನ ತೆಗೆದದ್ದೇ ನಾನು ಅಕ್ಕ!"

ಅವಳು ಏನೂ ಹೇಳಲಿಲ್ಲ. ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡಿದಳು. ನನ್ನ ಮುಖ ಬಂತು. ಇನ್ನೂ ದೊಡ್ಡದು ಮಾಡಿದಳು. ಕೂಲಿಂಗ್ ಗ್ಲಾಸು ಬಂತು. ಇನ್ನೂ ದೊಡ್ಡದು. ಗ್ಲಾಸಿನೊಳಗೆ ಫೋನು ಹಿಡಿದು ನಿಂತಿದ್ದವನ ಸಣ್ಣ ನೆರಳು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ತಲೆಯೆತ್ತದೆ, ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಕೇಳಿದಳು.

"ಎದೆ ತನಕ ಗಡ್ಡ ಯಾವಾಗ ಬಿಟ್ಯೋ?"